ಕೇಳುವ ಓದುಗ, ನೋಡುವ ಕಡತ: ಅಂತರ್ಜಾಲ ಗ್ರಂಥಭಂಡಾರಗಳು ಮತ್ತು ಕನ್ನಡದ ವಿಕಲಚೇತನ ಸಂಶೋಧಕ

ಜಾನಪದವನ್ನು ವ್ಯಾಖ್ಯಾನಿಸಿದ ವಿದ್ವಾಂಸರಲ್ಲಿ ಬಹುತೇಕರು ಕಂಠಸ್ಥ ಪರಂಪರೆಯನ್ನು ಅದರ ಮುಖ್ಯ ಲಕ್ಷಣವೆಂದು ಗುರುತಿಸಿದ್ದಾರೆ. ಬಾಯಿಂದ ಕಿವಿಗೆ, ಆ ಕಿವಿಯಿಂದ ಇನ್ನೊಂದು ಬಾಯಿಗೆ ಹಾದು ಬಂದ ಈ ಜ್ಞಾನಕ್ಕೆ ಅಕ್ಷರದ ಹಂಗಿರಲಿಲ್ಲ. ಶ್ರಾವಣ ಮಾಸದಲ್ಲಿ ಉತ್ತರ ಕರ್ನಾಟಕದ ಮಠಗಳಲ್ಲಿ, ಗುಡಿಗಳಲ್ಲಿ ಪುರಾಣ ಹಚ್ಚುವ ರೂಢಿಯನ್ನೇ ನೋಡಬಹುದು. ಗ್ರಂಥ ಒಂದು, ಓದುವವರು ಒಬ್ಬರು, ಅರ್ಥ ಬಿಡಿಸಿ ಹೇಳುವವರು ಇನ್ನೊಬ್ಬರು, ಕೇಳುವುದು ಇಡೀ ಊರು. ಕಣ್ಣಿದ್ದವನಿಗೂ ಕಣ್ಣಿಲ್ಲದವನಿಗೂ ಅಲ್ಲಿ ಗ್ರಂಥ ದಕ್ಕುವ ಬಗೆ ಒಂದೇ. ‘ಓದು’ ಎಂಬ ಕನ್ನಡದ ಮಾತಿನಲ್ಲಿಯೇ ಗಟ್ಟಿಯಾಗಿ ಉಚ್ಚರಿಸುವ ಅರ್ಥವೂ ಉಳಿದುಕೊಂಡಿದೆ. ಶಾಲೆಯ ಮಕ್ಕಳಿಗೆ ‘ಓದು’ ಎಂದರೆ ಇಂದಿಗೂ ಅವು ದನಿ ತೆಗೆದೇ ಓದುತ್ತವೆ.

ಈ ಶ್ರವಣ ಪರಂಪರೆಗೆ ಆಧುನಿಕ ಕಾಲದ ದೊಡ್ಡ ನಿದರ್ಶನವೊಂದು ಹುಬ್ಬಳ್ಳಿಯಿಂದ ಸುಮಾರು ಅರವತ್ತು ಕಿಲೋಮೀಟರು ದೂರದ ಗದಗಿನಲ್ಲಿದೆ. ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳು (೧೮೯೨-೧೯೪೪) ಅಂಧರು. ಅವರ ಉತ್ತರಾಧಿಕಾರಿಗಳಾದ ಪುಟ್ಟರಾಜ ಗವಾಯಿಗಳೂ (೧೯೧೪-೨೦೧೦) ಅಂಧರು. ಪುಟ್ಟರಾಜರು ಸಂಗೀತಕ್ಕೆ ಸೀಮಿತರಾಗದೆ ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥರಚನೆ ಮಾಡಿದವರು. ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದ್ದನ್ನು ಲೋಕೋಪಕಾರವೆಂದು ಕೊಂಡಾಡುವವರು ಇನ್ನೊಂದು ಸಂಗತಿಯನ್ನು ಸಾಮಾನ್ಯವಾಗಿ ಮರೆಯುತ್ತಾರೆ: ಮುಂದೆ ಧಾರವಾಡದ ಹೆಮ್ಮೆಯೆನಿಸಿದ ಬಸವರಾಜ ರಾಜಗುರು ಅವರಂತಹ ಕಣ್ಣುಳ್ಳ ಶಿಷ್ಯರು ಕಲಿತದ್ದು ಇದೇ ಅಂಧ ಗುರುವಿನ ಬಳಿ. ಜ್ಞಾನ ಇಲ್ಲಿ ಕಣ್ಣಿಲ್ಲದವರಿಂದ ಕಣ್ಣುಳ್ಳವರ ಕಡೆಗೆ ಹರಿದಿದೆ.

ಇಂತಹ ಪ್ರದೇಶದಲ್ಲಿ ಇಂದು ದೃಷ್ಟಿಯಿಲ್ಲದ ವಿದ್ಯಾರ್ಥಿಯೊಬ್ಬ ಕನ್ನಡದಲ್ಲಿ ಸಂಶೋಧನೆ ಕೈಗೊಂಡರೆ ಅವನಿಗೆ ಅಂತರ್ಜಾಲದ ಗ್ರಂಥಭಂಡಾರಗಳಲ್ಲಿ ಸಿಗುವುದೇನು ಎಂಬ ಪ್ರಶ್ನೆಯನ್ನು ಪ್ರಸ್ತುತ ಪ್ರಬಂಧ ಎತ್ತಿಕೊಳ್ಳುತ್ತದೆ. ಪ್ರಶ್ನೆ ಮೇಲ್ನೋಟಕ್ಕೆ ತಂತ್ರಜ್ಞಾನಕ್ಕೆ ಸೇರಿದ್ದು. ಪರಿಶೀಲಿಸುತ್ತ ಹೋದಂತೆ ಅದು ಗ್ರಂಥಸಂಪಾದನೆಗೆ, ಭಾಷೆಗೆ, ಜ್ಞಾನದ ಒಡೆತನಕ್ಕೆ ಸಂಬಂಧಿಸಿದ ಪ್ರಶ್ನೆಯಾಗಿ ತೋರುತ್ತದೆ.

ಹುಬ್ಬಳ್ಳಿ-ಧಾರವಾಡ ಅವಳಿ ನಗರವು ವಿದ್ಯಾಸಂಸ್ಥೆಗಳ ಊರು. ೧೮೯೦ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, ೧೯೩೯ರಲ್ಲಿ ಮುಂಬಯಿ ಸರ್ಕಾರದ ಕನ್ನಡ ಸಂಶೋಧನ ಸಂಸ್ಥೆ, ೧೯೫೦ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ, ೧೯೮೬ರಲ್ಲಿ ಕೃಷಿ ವಿಶ್ವವಿದ್ಯಾಲಯ, ೨೦೦೯ರಲ್ಲಿ ಕಾನೂನು ವಿಶ್ವವಿದ್ಯಾಲಯ, ೨೦೧೬ರಲ್ಲಿ ಐಐಟಿ ಇಲ್ಲಿ ನೆಲೆಗೊಂಡವು. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ ೫ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಮೀಸಲಿಡುವಂತೆ ವಿಧಿಸಿದೆ. ೧೯೯೫ರ ಕಾಯ್ದೆಯಲ್ಲಿ ಈ ಪ್ರಮಾಣ ಶೇಕಡಾ ೩ ಇತ್ತು. ೨೦೧೧ರ ಜನಗಣತಿಯಂತೆ ಕರ್ನಾಟಕದಲ್ಲಿ ೧೩ ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. ಪ್ರವೇಶದ ಬಾಗಿಲನ್ನು ಕಾನೂನು ಹೀಗೆ ತೆರೆದಿದೆ. ಒಳಗೆ ಬಂದವನು ಗ್ರಂಥಾಲಯಕ್ಕೆ ಹೋದ ಮೇಲೆ ಏನಾಗುತ್ತದೆ ಎಂಬುದು ಮುಂದಿನ ಮಾತು.

ಗಣಕಯಂತ್ರ ಬರುವ ಮೊದಲು ಇದಕ್ಕೆ ಒಂದು ರೂಢಿಯ ಪರಿಹಾರವಿತ್ತು. ವಸತಿನಿಲಯದ ಗೆಳೆಯ ಓದಿ ಹೇಳುತ್ತಿದ್ದ, ಅಂಧ ವಿದ್ಯಾರ್ಥಿ ಕೇಳುತ್ತಿದ್ದ. ಅನುಕೂಲವಿದ್ದವರು ಕ್ಯಾಸೆಟ್ಟಿನಲ್ಲಿ ಮುದ್ರಿಸಿಕೊಳ್ಳುತ್ತಿದ್ದರು. ಪರೀಕ್ಷೆಗೆ ಲಿಪಿಕಾರನೊಬ್ಬನನ್ನು ಗೊತ್ತುಮಾಡಿಕೊಳ್ಳುತ್ತಿದ್ದರು. ಈ ಸ್ನೇಹದ ಓದು ಒಂದು ಬಗೆಯಲ್ಲಿ ಪುರಾಣದ ಓದಿನ ಮುಂದುವರಿಕೆಯೇ ಆಗಿದ್ದು, ಅದರ ಮಾನವೀಯತೆಯನ್ನು ಅಲ್ಲಗಳೆಯಲಾಗದು. ಆದರೆ ಪರೀಕ್ಷೆಗಾಗಿ ಓದುವುದು ಬೇರೆ, ಸಂಶೋಧನೆಗಾಗಿ ಓದುವುದು ಬೇರೆ. ಸಂಶೋಧಕ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ. ಹಾಳೆ ತಿರುವುತ್ತಾನೆ, ಅಕಾರಾದಿ ನೋಡುತ್ತಾನೆ, ಎರಡು ಪುಟ ಹಿಂದಕ್ಕೆ ಹೋಗುತ್ತಾನೆ, ಅಡಿಟಿಪ್ಪಣಿ ಹಿಡಿದು ಇನ್ನೊಂದು ಗ್ರಂಥಕ್ಕೆ ಜಿಗಿಯುತ್ತಾನೆ, ಹತ್ತು ಪುಸ್ತಕ ತೆಗೆದು ಒಂಬತ್ತನ್ನು ಮರಳಿ ಕಪಾಟಿನಲ್ಲಿಡುತ್ತಾನೆ. ಈ ಅಲೆದಾಟವನ್ನು ಇನ್ನೊಬ್ಬನ ಕಣ್ಣಿನಿಂದ ಮಾಡಿಸಬೇಕಾದಾಗ ಸಂಕೋಚ ಅಡ್ಡಬರುತ್ತದೆ. ಗೆಳೆಯನಿಗೆ ಬೇಸರವಾದೀತೆಂದು ಪ್ರಶ್ನೆಯನ್ನೇ ಚಿಕ್ಕದು ಮಾಡಿಕೊಳ್ಳಬೇಕಾಗುತ್ತದೆ. ನಿಷ್ಪ್ರಯೋಜಕವಾಗಬಹುದಾದ ಪುಟವನ್ನು ಓದಿಸುವ ಧೈರ್ಯ ಸಾಲದು. ತನ್ನ ಊಹೆ ಪಕ್ವವಾಗುವ ಮುನ್ನ ಅದು ಇನ್ನೊಬ್ಬರಿಗೆ ತಿಳಿದುಹೋಗುತ್ತದೆ. ಯಾರಿಗೂ ಹೇಳದೆ, ಗೊತ್ತುಗುರಿಯಿಲ್ಲದೆ ಓದುವ ಸ್ವಾತಂತ್ರ್ಯ ಸಂಶೋಧನೆಯ ಮೊದಲ ಬಂಡವಾಳ. ಆ ಬಂಡವಾಳವೇ ಈ ಓದುಗನಿಗೆ ಇರಲಿಲ್ಲ.

ಪರದೆಯ ಮೇಲಿನ ಬರಹವನ್ನು ದನಿಯಾಗಿಸಿ ಹೇಳುವ ಪರದೆವಾಚಕ ತಂತ್ರಾಂಶಗಳು ಈ ಸ್ವಾತಂತ್ರ್ಯವನ್ನು ತಂದುಕೊಟ್ಟವು. ‘ಜಾಸ್’ ಮೊದಲಾದ ತಂತ್ರಾಂಶಗಳು ದುಬಾರಿಯಾಗಿದ್ದವು. ೨೦೦೬ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ ‘ಎನ್‌ವಿಡಿಎ’ ಉಚಿತವಾಗಿ ದೊರೆಯಿತು. ಅದರೊಡನೆ ಬರುವ ‘ಇಸ್ಪೀಕ್’ ಧ್ವನಿ ಕನ್ನಡವನ್ನೂ ಓದುತ್ತದೆ. ಯಾಂತ್ರಿಕವಾದರೂ ಅಭ್ಯಾಸವಾದ ಕಿವಿಗೆ ತಿಳಿಯುತ್ತದೆ. ಈಗಿನ ಮೊಬೈಲುಗಳಲ್ಲಿ ಇದಕ್ಕಿಂತ ಸಹಜವಾದ ಕನ್ನಡ ದನಿಯಿದೆ. ಆದ್ದರಿಂದ ಸಾಧನ ಇಲ್ಲ ಎಂಬ ಸಬೂಬಿಗೆ ಈಗ ಬಲ ಉಳಿದಿಲ್ಲ. ಕೇಳುವುದಕ್ಕೆ ಪಠ್ಯ ಇದೆಯೇ ಎಂಬುದನ್ನೇ ನೋಡಬೇಕಾಗಿದೆ.

ಅಂತರ್ಜಾಲದಲ್ಲಿ ಕಾಣುವ ಕನ್ನಡ ಬರಹಗಳೆಲ್ಲ ಕಣ್ಣಿಗೆ ಒಂದೇ ತೆರನಾಗಿ ತೋರಿದರೂ ಯಂತ್ರದ ಒಳಗೆ ಅವು ಮೂರು ಬಗೆಯಾಗಿವೆ. ಮೊದಲನೆಯದು ಪುಟದ ಚಿತ್ರ. ಪುಸ್ತಕವನ್ನು ಸ್ಕ್ಯಾನ್ ಮಾಡಿ ಇಟ್ಟಾಗ ಅಲ್ಲಿ ಅಕ್ಷರಗಳಿರುವುದಿಲ್ಲ, ಅಕ್ಷರಗಳ ಛಾಯೆ ಮಾತ್ರ ಇರುತ್ತದೆ. ಪರದೆವಾಚಕ ಅದರ ಮುಂದೆ ಮೂಕವಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಹಯೋಗದಲ್ಲಿ ನಡೆದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಯೋಜನೆ ಕನ್ನಡದ ಅಸಂಖ್ಯ ಅಲಭ್ಯ ಗ್ರಂಥಗಳನ್ನು ಉಳಿಸಿಕೊಟ್ಟಿತು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದು ಉಳಿಸಿದ್ದು ಚಿತ್ರಗಳನ್ನು. ಗ್ರಂಥನಾಮಗಳನ್ನು ರೋಮನ್ ಲಿಪಿಯಲ್ಲಿ, ಗೊತ್ತಾದ ಕ್ರಮವಿಲ್ಲದೆ ದಾಖಲಿಸಿದ್ದರಿಂದ ಕಣ್ಣುಳ್ಳವರೇ ಅಲ್ಲಿ ಬೇಕಾದ ಪುಸ್ತಕಕ್ಕಾಗಿ ತಡಕಾಡಬೇಕಿತ್ತು. ಆ ಜಾಲತಾಣ ಈಗ ಬಳಕೆಯಲ್ಲಿಲ್ಲ. ಅದರ ಗ್ರಂಥಗಳ ದೊಡ್ಡ ಭಾಗ ‘ಇಂಟರ್‌ನೆಟ್ ಆರ್ಕೈವ್’ನಲ್ಲಿ ಸಿಗುತ್ತದೆ.

ಎರಡನೆಯ ಬಗೆ ಇನ್ನೂ ವಿಚಿತ್ರವಾದುದು. ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಅಕ್ಷರವಿನ್ಯಾಸಗಳು ರೋಮನ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ರೋಮನ್. ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ‘ಜಾನಪದ’ ಎಂಬ ಒಂದೇ ಪದವನ್ನು ತೆಗೆದುಕೊಳ್ಳಬಹುದು. ‘ಜ’ಕಾರದ ಜಾಗದಲ್ಲಿ ಇಂಗ್ಲಿಷಿನ ‘ಇ’, ‘ನ’ಕಾರದ ಜಾಗದಲ್ಲಿ ಬ್ರಿಟಿಷರ ಪೌಂಡ್ ಚಿಹ್ನೆ, ‘ಪ’ಕಾರಕ್ಕೆ ಜಪಾನಿನ ಯೆನ್ ಚಿಹ್ನೆ, ‘ದ’ಕಾರಕ್ಕೆ ‘ಜೆಡ್’. ನಡುನಡುವೆ ತಲೆಕಟ್ಟಿಗಾಗಿ, ದೀರ್ಘಕ್ಕಾಗಿ ಫ್ರೆಂಚ್ ಮಾದರಿಯ ಸ್ವರಚಿಹ್ನೆ ಹೊತ್ತ ‘ಎ’ಗಳು. ಪರದೆವಾಚಕ ಇದನ್ನೆಲ್ಲ ನಿಷ್ಠೆಯಿಂದ ಓದಿ ಹೇಳುತ್ತದೆ. ಜಾನಪದದ ಮಹಾಪ್ರಬಂಧವೊಂದನ್ನು ತೆರೆದ ಅಂಧ ಓದುಗನಿಗೆ ಆ ಶಾಸ್ತ್ರದ ಹೆಸರೇ ವಿದೇಶೀ ನಾಣ್ಯಗಳ ಪಟ್ಟಿಯಾಗಿ ಕೇಳಿಬರುತ್ತದೆ. ಹುಡುಕುವಾಗಲೂ ಇದೇ ತೊಡಕು. ‘ಜಾನಪದ’ ಎಂದು ಯೂನಿಕೋಡಿನಲ್ಲಿ ಹುಡುಕಿದರೆ ಈ ಕಡತದಲ್ಲಿ ಆ ಪದವೇ ಇಲ್ಲವೆಂಬ ಉತ್ತರ ಬರುತ್ತದೆ.

ಮೂರನೆಯದು ಯೂನಿಕೋಡ್ ಪಠ್ಯ. ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವಿತ್ತು. ಕನ್ನಡದ ಕಚೇರಿಗಳೂ ಮುದ್ರಣಾಲಯಗಳೂ ಎರಡು ದಶಕಕ್ಕೂ ಮಿಕ್ಕಿ ಅದರತ್ತ ಪೂರ್ಣ ಮನಸ್ಸು ಮಾಡದೆ ಹೋದದ್ದರ ಫಲವನ್ನು ಈಗ ಉಣ್ಣಬೇಕಾಗಿದೆ. ಇದರಲ್ಲಿ ತಂತ್ರಾಂಶ ರೂಪಿಸಿದವರನ್ನಷ್ಟೇ ದೂರುವುದು ನ್ಯಾಯವಲ್ಲ. ಅವರು ಆ ಕಾಲದ ಅಗತ್ಯವನ್ನು ಪೂರೈಸಿದರು. ಕನ್ನಡ ಗಣಕಕ್ಕೆ ಇಳಿದದ್ದೇ ಅವರಿಂದ. ಅಗತ್ಯ ಮುಗಿದ ಮೇಲೂ ರೂಢಿಯನ್ನು ಬಿಡದವರು ಬಳಕೆದಾರರು, ಅವರಲ್ಲಿಯೂ ವಿಶೇಷವಾಗಿ ವಿದ್ವಾಂಸರು.

ಈ ದೃಷ್ಟಿಯಿಂದ ‘ಶೋಧಗಂಗಾ’ವನ್ನು ಪರಿಶೀಲಿಸಬೇಕು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ಭಂಡಾರಕ್ಕೆ ಮಹಾಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಒಪ್ಪಿಸುವುದು ವಿಶ್ವವಿದ್ಯಾಲಯ ಅನುದಾನ ಆಯೋಗದ ೨೦೦೯ರ ನಿಯಮಾವಳಿಯಿಂದ ಕಡ್ಡಾಯವಾಯಿತು. ಹಿಂದೆ ವಿಭಾಗದ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಪ್ರಬಂಧಗಳು ಎಲ್ಲರಿಗೂ ಸಿಗುವಂತಾದದ್ದು ಭಾರತೀಯ ಸಂಶೋಧನೆಯ ಮಟ್ಟಿಗೆ ಒಂದು ಕ್ರಾಂತಿಯೇ ಸರಿ. ಆದರೆ ಕನ್ನಡ ಪ್ರಬಂಧಗಳ ಸ್ಥಿತಿ ಬೇರೆ. ಹಳೆಯವು ಸ್ಕ್ಯಾನ್ ಮಾಡಿದ ಚಿತ್ರಗಳು. ಹೊಸವುಗಳಲ್ಲಿ ಹಲವು ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದವು. ಒಂದೊಂದು ಪ್ರಬಂಧವನ್ನೂ ಶೀರ್ಷಿಕೆ, ಪ್ರಮಾಣಪತ್ರ, ಅಧ್ಯಾಯ ಎಂದು ತುಂಡುತುಂಡು ಕಡತಗಳಾಗಿ ಇಟ್ಟಿರುವುದರಿಂದ, ಕೇಳಿ ಓದುವವನು ಯಾವ ತುಂಡಿನಲ್ಲಿ ಏನಿದೆಯೆಂದು ತಿಳಿಯಲು ಒಂದೊಂದನ್ನೂ ಇಳಿಸಿಕೊಂಡು ಪರೀಕ್ಷಿಸಬೇಕು. ಕನ್ನಡ ಜಾನಪದ ಸಂಶೋಧನೆಗೆ ನಾಂದಿ ಹಾಡಿದ ಊರು ಧಾರವಾಡ. ಬಿ.ಎಸ್. ಗದ್ದಗಿಮಠರ ಮಹಾಪ್ರಬಂಧದಿಂದ ಮೊದಲ್ಗೊಂಡು ಇಲ್ಲಿ ಸಿದ್ಧವಾದ ಪ್ರಬಂಧಗಳ ಸಾಲು ದೊಡ್ಡದು. ಆ ಪ್ರಬಂಧಗಳ ಆಕರ ಯಾವುದು? ಓದುಬರಹ ಅರಿಯದ ಗರತಿಯರು, ಹಂತಿಯ ಹಾಡುಗಾರರು, ಗೀಗೀ ಮೇಳದವರು ನೆನಪಿನಿಂದ ಹಾಡಿದ್ದು. ಕಿವಿಯಿಂದ ಪಡೆದದ್ದನ್ನು ವಿದ್ವಾಂಸರು ಅಕ್ಷರಕ್ಕಿಳಿಸಿದರು, ಅಕ್ಷರ ಚಿತ್ರವಾಯಿತು, ಚಿತ್ರ ಕಡತವಾಗಿ ಅಂತರ್ಜಾಲವನ್ನೇರಿತು. ಇಷ್ಟೆಲ್ಲ ದಾರಿ ಕ್ರಮಿಸಿ ಬಂದ ಹಾಡು ಈಗ ಯಾವ ಕಿವಿಗೂ ಕೇಳದು.

ಇದಕ್ಕೆ ಪ್ರತಿಯಾಗಿ ಇಂಗ್ಲಿಷ್ ದತ್ತಸಂಚಯಗಳನ್ನು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಅಮೆರಿಕೆಯಲ್ಲಿ ಪುನರ್ವಸತಿ ಕಾಯ್ದೆಯ ೫೦೮ನೆಯ ಸೆಕ್ಷನ್ನಿಗೆ ೧೯೯೮ರಲ್ಲಿ ಆದ ತಿದ್ದುಪಡಿಯ ತರುವಾಯ, ಅಲ್ಲಿನ ಸಾರ್ವಜನಿಕ ಸಂಸ್ಥೆಗಳಿಗೆ ಮಾರಾಟ ಮಾಡಬಯಸುವ ಪ್ರಕಾಶಕರು ತಮ್ಮ ಉತ್ಪನ್ನ ಎಷ್ಟು ಸುಗಮ್ಯ ಎಂಬುದನ್ನು ಬರೆದು ಕೊಡುವ ರೂಢಿ ಬೆಳೆಯಿತು. ಎಬ್ಸ್ಕೊದಂತಹ ಸಂಚಯಗಳಲ್ಲಿ ಲೇಖನವನ್ನು ಗಟ್ಟಿಯಾಗಿ ಓದಿಸುವ ಸೌಲಭ್ಯವಿದೆ. ಜೆಸ್ಟೋರಿನಲ್ಲಿ ಹಳೆಯ ಪತ್ರಿಕೆಯ ಪುಟಚಿತ್ರದ ಹಿಂದೆ ಯಂತ್ರ ಗುರುತಿಸಿದ ಪಠ್ಯವಿದೆ. ಅಲ್ಲಿ ದೋಷಗಳಿಲ್ಲವೆಂದಲ್ಲ. ಕೋಷ್ಟಕಗಳು ಚೆಲ್ಲಾಪಿಲ್ಲಿಯಾಗುತ್ತವೆ, ಎರಡು ಅಂಕಣದ ಪುಟದಲ್ಲಿ ಸಾಲುಗಳು ಬೆರೆಯುತ್ತವೆ, ಚಿತ್ರಗಳಿಗೆ ವಿವರಣೆ ಇರುವುದಿಲ್ಲ. ಆದರೂ ಇಂಗ್ಲಿಷ್ ಬಲ್ಲ ಅಂಧ ವಿದ್ಯಾರ್ಥಿ ಧಾರವಾಡದಲ್ಲಿ ಕುಳಿತು ಪಾಶ್ಚಾತ್ಯ ಜಾನಪದ ಸಿದ್ಧಾಂತಗಳ ಲೇಖನಗಳನ್ನು ಬಹಳಮಟ್ಟಿಗೆ ತಾನೇ ಓದಿಕೊಳ್ಳಬಲ್ಲ. ಪಕ್ಕದ ಹಳ್ಳಿಯ ಬೀಸುವ ಪದಗಳನ್ನು ಕುರಿತ ಕನ್ನಡ ಅಧ್ಯಯನವನ್ನು ಓದಲಾರ. ಹೀಗಾಗಿ ಅಂಧ ಸಂಶೋಧಕರಲ್ಲಿಯೇ ಎರಡು ವರ್ಗ ಏರ್ಪಡುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ, ಹಳ್ಳಿಯಿಂದ ಬಂದು, ಕನ್ನಡದಲ್ಲಿಯೇ ಬರೆಯಬಯಸುವವನಿಗೆ ದೃಷ್ಟಿಯ ಕೊರತೆಯ ಮೇಲೆ ಭಾಷೆಯ ದಂಡವೂ ಬೀಳುತ್ತದೆ. ಕನ್ನಡದ ಏಳಿಗೆಯ ಬಗೆಗೆ ವೇದಿಕೆಗಳಲ್ಲಿ ನಡೆಯುವ ಮಾತುಗಳಲ್ಲಿ ಈ ದಂಡದ ಪ್ರಸ್ತಾಪ ಬರುವುದು ಅಪರೂಪ.

ಕನ್ನಡದಲ್ಲಿ ಇದು ಸಾಧ್ಯವೇ ಇಲ್ಲವೆನ್ನಲು ಬಾರದು. ೨೦೧೩ರಲ್ಲಿ ಆರಂಭವಾದ ‘ವಚನ ಸಂಚಯ’ ಜಾಲತಾಣ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡ್ ಪಠ್ಯವಾಗಿ ಒದಗಿಸಿ, ಪದದ ಮೂಲಕ ಹುಡುಕುವ ಅನುಕೂಲ ಕಲ್ಪಿಸಿತು. ಕಣ್ಣುಳ್ಳ ಸಂಶೋಧಕರ ಅನುಕೂಲಕ್ಕೆಂದು ರೂಪುಗೊಂಡ ಪದಸೂಚಿ ಅಂಧ ಸಂಶೋಧಕನಿಗೂ ಅಷ್ಟೇ ಪ್ರಯೋಜನಕಾರಿಯಾಗಿದೆ. ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ ಎಂಬುದನ್ನು ಅವನು ಯಾರ ನೆರವೂ ಇಲ್ಲದೆ ತಿಳಿಯಬಲ್ಲ. ಕರ್ನಾಟಕ ಜ್ಞಾನ ಆಯೋಗದ ಆಶ್ರಯದಲ್ಲಿ ೨೦೦೯ರಲ್ಲಿ ಮೊದಲಾದ ‘ಕಣಜ’, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ೨೦೧೬ರ ‘ಭಾರತವಾಣಿ’ ಇವುಗಳಲ್ಲಿಯೂ ಯೂನಿಕೋಡ್ ಪಠ್ಯವಾಗಿರುವ ಭಾಗ ಕೇಳಿಸುತ್ತದೆ, ಚಿತ್ರವಾಗಿರುವ ಭಾಗ ಕೇಳಿಸುವುದಿಲ್ಲ. ಈ ಸರಳ ಭೇದವನ್ನು ಗಮನಿಸಿದರೆ ಸುಗಮ್ಯತೆ ಎಂಬುದು ವಿಕಲಚೇತನರಿಗೆಂದು ಆಮೇಲೆ ಅಂಟಿಸುವ ತೇಪೆಯಲ್ಲ, ಒಳ್ಳೆಯ ಗ್ರಂಥಸಂಪಾದನೆಯ ಸಹಜ ಫಲ ಎಂಬುದು ಸ್ಪಷ್ಟವಾಗುತ್ತದೆ.

ಚಿತ್ರವನ್ನು ಪಠ್ಯವಾಗಿಸುವ ಅಕ್ಷರಜಾಣ ತಂತ್ರಾಂಶಗಳ ವಿಚಾರ ಸ್ವಲ್ಪ ವಿಸ್ತಾರವಾಗಿ ಚರ್ಚಿಸತಕ್ಕದ್ದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ನೇತೃತ್ವದಲ್ಲಿ ‘ಲಿಪಿಜ್ಞಾನಿ’ ಎಂಬ ಕನ್ನಡ ಅಕ್ಷರಜಾಣ ಸಿದ್ಧವಾಗಿದೆ. ಮುಕ್ತ ತಂತ್ರಾಂಶವಾದ ‘ಟೆಸೆರಾಕ್ಟ್’ ಕೂಡ ಕನ್ನಡವನ್ನು ಗುರುತಿಸುತ್ತದೆ. ಇವುಗಳ ಎದುರಿಗಿರುವ ತೊಡಕುಗಳು ಲಿಪಿಯ ಸ್ವಭಾವದಿಂದಲೇ ಬಂದವು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಹಳೆಯ ಮೊಳೆಯಚ್ಚಿನಲ್ಲಿ ಅವು ಮುರಿದಿರುತ್ತವೆ ಇಲ್ಲವೆ ಕೆಳಸಾಲಿಗೆ ತಾಗಿರುತ್ತವೆ. ಅರ್ಕಾವತ್ತು ಒಂಬತ್ತರ ಅಂಕಿಯಂತೆಯೂ ಅನುಸ್ವಾರ ಸೊನ್ನೆಯಂತೆಯೂ ಕಾಣುವುದರಿಂದ ಯಂತ್ರ ಎಡವುತ್ತದೆ. ಅರ್ಕಾವತ್ತಿನ ಇನ್ನೊಂದು ಪೇಚು ಹಳೆಯ ಅಕ್ಷರವಿನ್ಯಾಸದ ಕಡತಗಳನ್ನು ಪರಿವರ್ತಿಸುವಾಗ ಎದುರಾಗುತ್ತದೆ: ಬರೆಯುವುದು ವ್ಯಂಜನದ ಮುಂದೆ, ಉಚ್ಚರಿಸುವುದು ಅದರ ಹಿಂದೆ, ಯೂನಿಕೋಡ್ ಉಚ್ಚಾರದ ಕ್ರಮವನ್ನು ಕೇಳುತ್ತದೆ, ಹಳೆಯ ಕಡತ ಕಣ್ಣಿನ ಕ್ರಮವನ್ನು ಇಟ್ಟುಕೊಂಡಿದೆ.

ಜಾನಪದ ಪಠ್ಯಗಳಲ್ಲಿ ಇದರ ಮೇಲೆ ಇನ್ನೊಂದು ಪದರವಿದೆ. ಈ ತಂತ್ರಾಂಶಗಳು ಕಲಿತದ್ದು ಹೆಚ್ಚಾಗಿ ಶಿಷ್ಟ ಗದ್ಯದಿಂದ. ತ್ರಿಪದಿಯ ‘ಹೋಗ್ಯಾನ’, ‘ಬಂದಾವ’, ‘ತವರೀಗಿ’ಯಂತಹ ರೂಪಗಳನ್ನು ಕಂಡಾಗ ನಿಘಂಟಿನ ನೆರವಿನಿಂದ ತಿದ್ದುವ ಯಂತ್ರ ಅವನ್ನು ಶಿಷ್ಟರೂಪಕ್ಕೆ ಎಳೆಯುವ ಸಂಭವವಿದೆ. ಎಲ್ಲ ತಿದ್ದುಗಳಲ್ಲಿಯೂ ಇದು ಹೆಚ್ಚು ಅಪಾಯಕಾರಿ. ಏಕೆಂದರೆ ತಪ್ಪೆಂದು ಕಾಣುವ ತಪ್ಪನ್ನು ಓದುಗ ಗುರುತಿಸುತ್ತಾನೆ, ಸರಿಯೆಂದು ಕಾಣುವ ತಪ್ಪು ಉಳಿದುಬಿಡುತ್ತದೆ. ಈ ಕಾರಣ ಮುಂದೊಡ್ಡಿ, ಶುದ್ಧಪಾಠ ಸಿದ್ಧವಾಗದ ಹೊರತು ಯಂತ್ರದ ಪಠ್ಯವನ್ನು ಬಿಡುಗಡೆ ಮಾಡಕೂಡದು ಎನ್ನುವ ವಿದ್ವಾಂಸರಿದ್ದಾರೆ. ಗ್ರಂಥಸಂಪಾದನೆಯ ಶಿಸ್ತಿನಿಂದ ಬಂದ ಈ ಕಳವಳಕ್ಕೆ ಗೌರವ ಸಲ್ಲಬೇಕು. ಆದರೆ ಅದು ಕಣ್ಣುಳ್ಳವರ ಕಳವಳ. ಚಿತ್ರ ಎದುರಿಗಿದ್ದವನು ದೋಷಯುಕ್ತ ಪಠ್ಯವನ್ನು ಬೇಡವೆನ್ನಬಹುದು. ಚಿತ್ರವೇ ಕಾಣದವನಿಗೆ ಆಯ್ಕೆ ಇರುವುದು ದೋಷಯುಕ್ತ ಪಠ್ಯ ಮತ್ತು ಏನೂ ಇಲ್ಲದಿರುವಿಕೆಯ ನಡುವೆ. ಜಾನಪದ ಸಂಶೋಧಕರಾದರೂ ಈ ಆಕ್ಷೇಪವನ್ನು ಎತ್ತುವ ಮುನ್ನ ಎರಡು ಸಲ ಯೋಚಿಸಬೇಕು. ಒಂದೇ ಹಾಡಿನ ಹತ್ತು ಪಾಠಗಳನ್ನು ಸಂಗ್ರಹಿಸಿ, ಯಾವುದನ್ನೂ ಅಶುದ್ಧವೆನ್ನದೆ ಪಾಠಾಂತರವೆಂದು ಕರೆದು ಗೌರವಿಸುವ ಶಾಸ್ತ್ರ ಅವರದು. ಚಿತ್ರವನ್ನೂ ಪಠ್ಯವನ್ನೂ ಜೋಡಿಸಿಟ್ಟು, ಪಠ್ಯವು ಯಂತ್ರದ್ದೆಂದು ಸ್ಪಷ್ಟವಾಗಿ ನಮೂದಿಸಿದರೆ ಶಾಸ್ತ್ರಕ್ಕೆ ಹಾನಿಯಿಲ್ಲ.

ಕಾನೂನಿನ ವಿಚಾರವನ್ನು ಸಂಕ್ಷೇಪವಾಗಿ ಹೇಳಬಹುದು, ಏಕೆಂದರೆ ಅದರಲ್ಲಿ ಕೊರತೆ ಹೆಚ್ಚಿಲ್ಲ. ೨೦೧೨ರ ತಿದ್ದುಪಡಿಯ ಬಳಿಕ ಕೃತಿಸ್ವಾಮ್ಯ ಕಾಯ್ದೆಯ ೫೨ನೆಯ ಸೆಕ್ಷನ್ ವಿಕಲಚೇತನರಿಗಾಗಿ ಲಾಭದ ಉದ್ದೇಶವಿಲ್ಲದೆ ಸುಗಮ್ಯ ಪ್ರತಿ ಸಿದ್ಧಪಡಿಸಲು ಅನುಮತಿ ನೀಡುತ್ತದೆ. ೨೦೧೩ರ ಮರ್ರಾಕೇಶ್ ಒಪ್ಪಂದವನ್ನು ಮೊದಲು ಅನುಮೋದಿಸಿದ ದೇಶ ಭಾರತ. ೨೦೧೬ರಲ್ಲಿ ‘ಸುಗಮ್ಯ ಪುಸ್ತಕಾಲಯ’ ಎಂಬ ಅಂತರ್ಜಾಲ ಗ್ರಂಥಾಲಯವೂ ತೆರೆಯಿತು. ಅದೇ ವರ್ಷದ ಹಕ್ಕುಗಳ ಕಾಯ್ದೆಯ ೪೨ನೆಯ ಸೆಕ್ಷನ್ ವಿದ್ಯುನ್ಮಾನ ಮಾಹಿತಿ ಎಲ್ಲರಿಗೂ ದಕ್ಕುವ ರೂಪದಲ್ಲಿರಬೇಕೆಂದಿತು. ರಾಜೀವ್ ರತೂರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ೨೦೨೪ರ ನವೆಂಬರಿನಲ್ಲಿ, ಸುಗಮ್ಯತೆಯ ಮಾನದಂಡಗಳನ್ನು ಕೇವಲ ಸಲಹೆಯ ಮಟ್ಟದಲ್ಲಿರಿಸಿದ್ದ ನಿಯಮವನ್ನು ಕಾಯ್ದೆಗೆ ವಿರುದ್ಧವೆಂದು ತೀರ್ಮಾನಿಸಿ ಕಡ್ಡಾಯ ಮಾನದಂಡಗಳನ್ನು ರೂಪಿಸಲು ಸೂಚಿಸಿತು. ೨೦೨೫ರ ಏಪ್ರಿಲಿನಲ್ಲಿ ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಅಂಕೀಯ ಪ್ರವೇಶವು ಸಂವಿಧಾನದ ೨೧ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿತು.

ಇಷ್ಟಾದರೂ ಆಚರಣೆಯಲ್ಲಿ ಕಾಣುವುದು ಹೊಸ್ತಿಲ ರಂಗೋಲಿ. ಸಂಸ್ಥೆಗಳ ಜಾಲತಾಣಗಳ ಮುಖಪುಟದಲ್ಲಿ ಅಕ್ಷರ ದೊಡ್ಡದು ಮಾಡುವ, ಬಣ್ಣ ಬದಲಿಸುವ ಗುಂಡಿಗಳನ್ನು ಜೋಡಿಸಲಾಗುತ್ತದೆ. ಆ ಹೊಸ್ತಿಲನ್ನು ದಾಟಿ ಕಡತವನ್ನು ತೆರೆದರೆ ಅಲ್ಲಿರುವುದು ಓರೆಯಾಗಿ ಸ್ಕ್ಯಾನ್ ಆದ ಪುಟದ ಚಿತ್ರ. ದೊಡ್ಡದು ಮಾಡುವ ಗುಂಡಿ ಆ ಚಿತ್ರವನ್ನು ಮುಟ್ಟುವುದಿಲ್ಲ. ಅಲ್ಪದೃಷ್ಟಿಯವರು ಚಿತ್ರವನ್ನೇ ಹಿಗ್ಗಿಸಿದರೆ ಅಕ್ಷರ ಒಡೆಯುತ್ತದೆ. ಕೆಲವೆಡೆ ಕಡತ ಇಳಿಸಿಕೊಳ್ಳುವ ಮುನ್ನ ‘ನೀವು ಯಂತ್ರವಲ್ಲ’ವೆಂದು ಸಾಬೀತುಪಡಿಸಲು ವಕ್ರವಾದ ಅಕ್ಷರಗಳನ್ನು ನೋಡಿ ಬರೆಯಬೇಕು. ನೋಡಲಾಗದವನು ಮನುಷ್ಯನೆಂದು ಸಾಬೀತಾಗುವುದೇ ಇಲ್ಲ.

ಇಲ್ಲಿಯವರೆಗಿನ ಚರ್ಚೆ ದೃಷ್ಟಿಗೆ ಸಂಬಂಧಿಸಿದ್ದು. ೨೦೧೬ರ ಕಾಯ್ದೆ ೨೧ ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಕೈ ಸ್ವಾಧೀನವಿಲ್ಲದವರಿಗೆ ಮೌಸ್ ಹಿಡಿಯದೆ ಕೀಲಿಮಣೆಯೊಂದರಿಂದಲೇ ಗ್ರಂಥಸೂಚಿಯನ್ನು ಬಳಸುವಂತಿರಬೇಕು. ಕಲಿಕೆಯ ತೊಡಕುಳ್ಳವರಿಗೆ ಸಾಲುಗಳ ಅಂತರ, ಅಕ್ಷರದ ಗಾತ್ರ ಬದಲಿಸುವ ಅವಕಾಶ ಬೇಕು. ಶ್ರವಣದೋಷವುಳ್ಳವರ ಪ್ರಶ್ನೆ ಜಾನಪದಕ್ಕೆ ಇನ್ನೂ ಹತ್ತಿರದ್ದು. ಮೌಖಿಕ ಪರಂಪರೆಯನ್ನು ಕೊಂಡಾಡುವ ಭರದಲ್ಲಿ, ಕೇಳಲಾರದವನು ಆ ಪರಂಪರೆಗೆ ಹೊರಗಿನವನಾಗಿ ಉಳಿದ ಎಂಬ ಸಂಗತಿಯನ್ನು ಜಾನಪದ ವಿದ್ವತ್ತು ಎಂದೂ ಚರ್ಚಿಸಿದಂತಿಲ್ಲ. ಧ್ವನಿಮುದ್ರಿತ ಹಾಡು, ಚಿತ್ರೀಕರಿಸಿದ ಬಯಲಾಟ ಅಂತರ್ಜಾಲದಲ್ಲಿ ಬೇಕಾದಷ್ಟಿವ. ಲಿಖಿತ ಪಾಠ ಜೊತೆಗಿರುವಂಥವು ಕಡಿಮೆ. ಮುದ್ರಿಕೆಯೊಡನೆ ಪಠ್ಯವನ್ನು ಇಡುವುದು ಕ್ಷೇತ್ರಕಾರ್ಯದ ಪ್ರಾಥಮಿಕ ಪಾಠ. ಅದನ್ನು ಪಾಲಿಸಿದ್ದರೆ ಕಿವುಡ ಸಂಶೋಧಕನಿಗೆ ಬಾಗಿಲು ತಾನಾಗಿಯೇ ತೆರೆಯುತ್ತಿತ್ತು.

ಬಳಸುವವರು ಎಷ್ಟು ಜನ, ಅವರಿಗಾಗಿ ಇಷ್ಟು ವೆಚ್ಚವೇ ಎಂಬ ಪ್ರಶ್ನೆ ಕೊನೆಗೂ ಉಳಿಯುತ್ತದೆ. ಓದಲಾಗದ ಭಂಡಾರಕ್ಕೆ ಓದುಗರು ಬರಲಿಲ್ಲವೆಂದು ಲೆಕ್ಕ ಹಾಕುವುದು, ಬಾಗಿಲು ಮುಚ್ಚಿದ ಅಂಗಡಿಯವನು ಗಿರಾಕಿಗಳಿಲ್ಲವೆಂದಂತೆ. ವೆಚ್ಚದ ಬಗೆಗೂ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಹಳೆಯ ಮುದ್ರಿತ ಗ್ರಂಥಗಳನ್ನು ಪಠ್ಯವಾಗಿಸುವುದು ದುಡ್ಡು, ದುಡಿಮೆ ಎರಡನ್ನೂ ಬೇಡುವ ಕೆಲಸ. ಅದಕ್ಕೆ ಸರ್ಕಾರದ ನೆರವು ಬೇಕು, ವರ್ಷಗಳು ಬೇಕು. ಇನ್ನು ಮುಂದೆ ಸಿದ್ಧವಾಗುವ ಪ್ರಬಂಧಗಳ ಮಾತು ಹಾಗಲ್ಲ. ಅಭ್ಯರ್ಥಿ ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿಸಿ, ಅಧ್ಯಾಯ ಮತ್ತು ಉಪಶೀರ್ಷಿಕೆಗಳನ್ನು ತಂತ್ರಾಂಶದ ಶೀರ್ಷಿಕೆ ಶೈಲಿಯಲ್ಲಿಯೇ ಗುರುತಿಸಿ, ಮುದ್ರಿಸಿದ ಪ್ರತಿಯನ್ನು ಮತ್ತೆ ಸ್ಕ್ಯಾನ್ ಮಾಡದೆ ಮೂಲ ಕಡತದಿಂದಲೇ ಪಿಡಿಎಫ್ ತೆಗೆದರೆ ಹೆಚ್ಚಿನ ಖರ್ಚೇನೂ ಬೀಳುವುದಿಲ್ಲ. ಪ್ರಬಂಧದ ಪುಟದ ಅಂಚು ಎಷ್ಟಿರಬೇಕು, ರಟ್ಟಿನ ಬಣ್ಣ ಯಾವುದಿರಬೇಕು ಎಂಬುದನ್ನು ನಿಗದಿಪಡಿಸುವ ವಿಶ್ವವಿದ್ಯಾಲಯಗಳು ಈ ಮೂರು ಸಾಲುಗಳನ್ನೂ ಸೇರಿಸಿಕೊಳ್ಳಬಹುದು. ಪ್ರಬಂಧ ಸ್ವೀಕರಿಸುವ ಗ್ರಂಥಪಾಲಕರು ಕಡತದಿಂದ ಒಂದು ವಾಕ್ಯವನ್ನು ನಕಲಿಸಿ ಬೇರೆಡೆ ಅಂಟಿಸಿ ನೋಡಿದರೆ ಸಾಕು. ಕನ್ನಡ ಬಂದರೆ ಸ್ವೀಕಾರ, ಪೌಂಡು-ಯೆನ್ನುಗಳು ಬಂದರೆ ವಾಪಸು. ಅರ್ಧ ನಿಮಿಷದ ಕೆಲಸ.

ಅಕಾಡೆಮಿಗಳ ಪ್ರಕಟಣೆಗಳ ಬಗೆಗೂ ಇದೇ ಮಾತು ಸಲ್ಲುತ್ತದೆ. ಕಳೆದ ಮೂರು ದಶಕಗಳ ಸ್ಮರಣ ಸಂಪುಟಗಳು, ಪ್ರಾತಿನಿಧಿಕ ಸಂಕಲನಗಳು, ಸಮೀಕ್ಷಾ ಗ್ರಂಥಗಳು ಬಹುಮಟ್ಟಿಗೆ ಪೇಜ್‌ಮೇಕರಿನಲ್ಲಿ, ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದವು. ಅವುಗಳ ಕಡತಗಳಲ್ಲಿ ಹಲವು ಇನ್ನೂ ಡಿಟಿಪಿ ಕೇಂದ್ರಗಳ ಗಣಕಗಳಲ್ಲಿ ಇರಬಹುದು. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಲಭ್ಯವಿವೆ. ಕರಡು ತಿದ್ದುವ ಕೆಲಸವೊಂದು ಉಳಿಯುತ್ತದೆ. ಆ ಕೆಲಸವನ್ನು ಕಿವಿಯಿಂದಲೂ ಮಾಡಬಹುದು. ಕಣ್ಣು ಜಾರಿಬಿಡುವ ಒತ್ತಕ್ಷರದ ತಪ್ಪು ದನಿಯಲ್ಲಿ ಕೂಡಲೇ ತೊಡರುತ್ತದೆ. ತ್ರಿಪದಿಯ ಲಯವನ್ನು ಬಾಲ್ಯದಿಂದ ಕೇಳಿ ಬಲ್ಲ ಅಂಧ ಪದವೀಧರರನ್ನು ಈ ಕರಡು ತಿದ್ದುವಿಕೆಗೆ ಸಂಭಾವನೆ ಕೊಟ್ಟು ನೇಮಿಸಿಕೊಳ್ಳುವುದಕ್ಕೆ ಯಾವ ನಿಯಮವೂ ಅಡ್ಡಬರುವುದಿಲ್ಲ. ಹಳೆಯ ಗಣಕಗಳು ಗುಜರಿಗೆ ಹೋಗುವ ಮುನ್ನ, ಡಿಟಿಪಿ ಕೇಂದ್ರಗಳಿಂದ ಈ ಕಡತಗಳನ್ನು ಕೇಳಿ ಪಡೆಯುವುದು ಮೊದಲು ಆಗಬೇಕಾದ ಕೆಲಸ.